ಯಂತ್ರ ಕಲಿಸುವ ಮನೆಯಲ್ಲಿ ಹೆಸರಿನ ಲೆಕ್ಕ

ಹೋದ ಶ್ರಾವಣದಾಗ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಒಂದು ವಾದ ಬಿತ್ತು. ಅಂದು ಸೋಮವಾರ. ಭಜನೆ ಮುಗಿದಿತ್ತು, ಮಳೆ ಹತ್ತಿದ್ದರಿಂದ ಯಾರೂ ಮನೆಗೆ ಹೋಗಿರಲಿಲ್ಲ. ಶಾಲೆಯ ಮಾಸ್ತರರೊಬ್ಬರು ಒಂದು ಸುದ್ದಿ ಓದಿ ಹೇಳಿದರು. ಅಮೆರಿಕಾ ದೇಶದಲ್ಲಿ ಎಂ.ಐ.ಟಿ. ಅಂತ ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯ ಐತಿ. ಯಂತ್ರ, ಕಟ್ಟಡ, ವಿದ್ಯುತ್ತು, ಕಂಪ್ಯೂಟರು ಕಲಿಸುವ ಜಾಗ ಅದು. ಅಲ್ಲಿ ಕಲಿತ, ಅಲ್ಲಿ ಕಲಿಸಿದ ಕಪ್ಪು ಜನರ ಚರಿತ್ರೆಯನ್ನು ಹುಡುಕಿ, ಹಳೆಯ ಫೋಟೋ ಕೂಡಿಸಿ, ಅವರವರ ಬಾಯಿಂದ ಕೇಳಿ ಬರೆದು ಕಾಯ್ದಿಡುವ ಕೆಲಸ ಬಹಳ ವರ್ಷದಿಂದ ನಡೆದಿದೆಯಂತೆ.

ನನ್ನ ಮೊಮ್ಮಗ ಎಂಜಿನಿಯರಿಂಗ್ ಕಲಿಯುತ್ತಾನೆ. ಅವನು ನಕ್ಕ. "ಅಜ್ಜಾ, ನಟ್ಟು-ಬೋಲ್ಟಿಗೆ ಜಾತಿ ಇಲ್ಲ, ಬಣ್ಣ ಇಲ್ಲ. ಯಂತ್ರ ಕಲಿಸೋ ಮನ್ಯಾಗ ಈ ಇತಿಹಾಸದ ಗಂಟು ಯಾಕ? ಅದಕ್ಕ ಬ್ಯಾರೆ ಕಾಲೇಜ ಅದಾವಲ್ಲ?" ಅಂದ.

ಕಟ್ಟೆಯ ಮೇಲಿದ್ದ ಅರ್ಧ ಜನ ಅವನ ಕಡೆ ಆದರು, ಅರ್ಧ ಜನ ಮಾಸ್ತರರ ಕಡೆ. ನಾನು ಸುಮ್ಮನೆ ಕೂತಿದ್ದೆ. "ನೀವು ಹಾಡವ್ರು, ನೀವ ಏನಾರ ಹೇಳ್ರಿ" ಅಂದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಈ ಪುಸ್ತಕಕ್ಕೆ ಏನಾದರೂ ಬರೆದುಕೊಡಿರಿ ಅಂತ ವಾಚನಾಲಯದವರು ಕೇಳಿದಾಗ ಆ ಉತ್ತರವನ್ನೇ ಬರೆಯೋಣ ಅಂತ ಕೂತೆ. ನಾನು ಕಲಿತದ್ದು ಏಳನೆಯ ಇಯತ್ತೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಮೊದಲು ಮೊಮ್ಮಗನ ಮಾತಿನಲ್ಲಿ ಇರುವ ಖರೇ ಎಷ್ಟು ಅಂತ ಹೇಳುತ್ತೇನೆ. ಬೋಲ್ಟಿಗೆ ಜಾತಿ ಇಲ್ಲ ಅನ್ನುವುದು ಖರೇ. ನನ್ನ ಬಾವಿಯ ಮೋಟಾರು ಯಾರು ಗುಂಡಿ ಒತ್ತಿದರೂ ನೀರು ಎತ್ತುತ್ತದೆ. ನಮ್ಮ ಹಿರಿಯರ ಕಾಲದಾಗ ಇದೇ ಊರ ಬಾವಿಯಲ್ಲಿ ಎಲ್ಲರೂ ಕೊಡ ಇಳಿಸುವ ಹಾಗಿರಲಿಲ್ಲ. ನಳ ಬಂತು, ಮೋಟಾರು ಬಂತು, ಬಸ್ಸು ಬಂತು. ಮನುಷ್ಯ ಬಿಡದ ಎಷ್ಟೋ ಕಟ್ಟುಗಳನ್ನು ಯಂತ್ರ ಸಡಿಲು ಮಾಡಿತು. ಅದಕ್ಕೇ ನಮ್ಮ ಹುಡುಗರಿಗೆ ಯಂತ್ರವಿದ್ಯೆಯ ಮೇಲೆ ಇಷ್ಟು ನಂಬಿಗೆ. ಅಲ್ಲಿ ಲೆಕ್ಕ ಸರಿ ಬಂದರೆ ಸರಿ, ತಪ್ಪು ಬಂದರೆ ತಪ್ಪು. ಯಾರ ಮಗ ಅಂತ ಲೆಕ್ಕ ಕೇಳುವುದಿಲ್ಲ.

ಆದರೆ ಬೋಲ್ಟು ತಾನೇ ತಿರುಗುವುದಿಲ್ಲ. ಪಾನಾ ಹಿಡಿಯುವ ಕೈ ಬೇಕು. ಆ ಕೈಗೆ ಪಾನಾ ಕೊಟ್ಟವರು ಯಾರು, ಯಾವ ಕೈಗೆ ಕೊಡಲಿಲ್ಲ, ಕೊಡದೆ ಎಷ್ಟು ವರ್ಷ ಆಯಿತು, ಇದು ಯಂತ್ರದ ಲೆಕ್ಕ ಅಲ್ಲ, ಮನುಷ್ಯನ ಲೆಕ್ಕ. ಆ ಲೆಕ್ಕ ಯಂತ್ರ ಕಲಿಸುವ ಮನೆಯ ಒಳಗೇ ನಡೆದದ್ದು. ಹೀಗಿರುವಾಗ ಅದನ್ನು ಬೇರೆ ಕಾಲೇಜಿನವರು ಬರೆಯಲಿ ಅನ್ನುವುದು, ನಮ್ಮ ಮನೆಯ ಸಾಲದ ಚೀಟಿ ಪಕ್ಕದ ಮನೆಯವರು ಇಟ್ಟುಕೊಳ್ಳಲಿ ಅಂದ ಹಾಗೆ.

ಮಾಸ್ತರರು ಆಮೇಲೆ ನನಗೆ ಕೂತು ವಿವರವಾಗಿ ಹೇಳಿದರು. ಎಂ.ಐ.ಟಿ. ಶುರುವಾದದ್ದು 1861ರಲ್ಲಿ. ಅಲ್ಲಿ ಕಲಿತು ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ರಾಬರ್ಟ್ ಟೇಲರ್, 1892ರಲ್ಲಿ. ಅವನ ತಂದೆ ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದವನು, ಬಡಗಿ ಕೆಲಸ ಬಲ್ಲವನು. ಮಗ ಕಟ್ಟಡಶಾಸ್ತ್ರ ಕಲಿತ. ಸುಮಾರು ನೂರು ವರ್ಷದ ಮೇಲೆ ಅದೇ ಸಂಸ್ಥೆಯ ಕ್ಲಾರೆನ್ಸ್ ವಿಲಿಯಮ್ಸ್ ಅನ್ನುವವರು, ಅಲ್ಲಿ ಕಲಿತ ಮತ್ತು ದುಡಿದ ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೂಡಿಸಿ ಮಾತಾಡಿಸಿ, 2001ರಲ್ಲಿ ದೊಡ್ಡ ಪುಸ್ತಕ ತಂದರು. ನಾವು ಹಾಡಿನವರು ಮಾಡುವುದೂ ಇದನ್ನೇ ಅಲ್ಲೇನು? ಮುದುಕರ ಮುಂದೆ ಕೂತು ಕೇಳುವುದು, ನೆನಪಿಟ್ಟುಕೊಳ್ಳುವುದು.

ಇನ್ನೊಂದು ಸಂಗತಿ ಕೇಳಿ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಸಂಸ್ಥೆ ಕಟ್ಟಿದ ಹಿರಿಯ ವಿಲಿಯಂ ರೋಜರ್ಸ್ ಅಂತ. ದೊಡ್ಡ ವಿದ್ವಾಂಸ. ಅವನು ಮೊದಲು ಗುಲಾಮಗಿರಿ ಇದ್ದ ವರ್ಜೀನಿಯಾ ಸೀಮೆಯಲ್ಲಿದ್ದ. 1850ರ ಸರಕಾರಿ ಜನಗಣತಿಯಲ್ಲಿ ಅವನ ಮನೆಯ ಲೆಕ್ಕದಲ್ಲಿ ಆರು ಜನ ಗುಲಾಮರು ಇದ್ದಾರೆ. ಇದನ್ನು ಹೊರಗಿನ ವೈರಿಗಳು ಹುಡುಕಿ ತೆಗೆದದ್ದಲ್ಲ. ಅದೇ ಸಂಸ್ಥೆಯವರು ಹುಡುಕಿ, 2018ರಲ್ಲಿ ಎಲ್ಲರ ಮುಂದೆ ಹೇಳಿದರು. ಆ ಕಾಲದ ಗುಲಾಮರ ಗಣತಿಯ ರೀತಿ ಹೇಗೆಂದರೆ, ಒಡೆಯನ ಹೆಸರು ಬರೆಯುವುದು, ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿನ ಕಾಲಮ್ಮೇ ಇಲ್ಲ. ನಮ್ಮಲ್ಲಿ ದನದ ಸಂತೆಯ ಪಾವತಿ ಬರೆಯುತ್ತಾರಲ್ಲ, ಕಪ್ಪು ಎತ್ತು, ಆರು ಹಲ್ಲು, ಹಾಗೆ.

ಆ ರಾಬರ್ಟ್ ಟೇಲರ್ ಪದವಿ ಮುಗಿಸಿ ಹೋದದ್ದು ಟಸ್ಕೆಗೀ ಅನ್ನುವ ಊರಿಗೆ. ಅಲ್ಲಿ 1881ರಲ್ಲಿ ಬುಕರ್ ವಾಷಿಂಗ್ಟನ್ ಅನ್ನುವವರು ಕಪ್ಪು ಮಕ್ಕಳಿಗಾಗಿ ಶಾಲೆ ತೆಗೆದಿದ್ದರು. ಅವರೂ ಗುಲಾಮರಾಗಿ ಹುಟ್ಟಿದವರು. ಆ ಶಾಲೆಯ ಹುಡುಗರು ತಾವೇ ಇಟ್ಟಂಗಿ ಸುಟ್ಟು ತಮ್ಮ ಶಾಲೆ ಕಟ್ಟಿಕೊಂಡರು. ನಕ್ಷೆ ಟೇಲರನದು. ಕಮ್ಮಾರಿಕೆ, ಬಡಗಿತನ, ಒಕ್ಕಲುತನ ಎಲ್ಲ ಕಲಿಸುವ ಜಾಗ ಅದು. ಈಗ ಅದು ವಿಶ್ವವಿದ್ಯಾಲಯ. 1896ರಲ್ಲಿ ಜಾರ್ಜ್ ಕಾರ್ವರ್ ಅಲ್ಲಿಗೆ ಬಂದ. ಅವನ ಸುದ್ದಿ ಕೇಳಿದಾಗ ನನಗೆ ನಮ್ಮ ಮನೆತನದವನೇ ಅನ್ನಿಸಿತು. ವರ್ಷಾನುವರ್ಷ ಬರೇ ಹತ್ತಿ ಹಾಕಿ ಹೊಲ ಬರಡು ಮಾಡಿಕೊಂಡ ರೈತರಿಗೆ ಶೇಂಗಾ ಹಾಕಿರಿ, ಅಲಸಂದಿ ಹಾಕಿರಿ, ಮಣ್ಣಿಗೆ ಕಸು ಬರುತ್ತದೆ ಅಂತ ಹೇಳಿದವನು. ರೈತರು ಶಾಲೆಗೆ ಬರಲಾರರು ಅಂತ 1906ರಲ್ಲಿ ಬಂಡಿಯ ಮೇಲೆ ಸಾಮಾನು ಹೇರಿ ಶಾಲೆಯನ್ನೇ ಹೊಲಕ್ಕೆ ಕಳಿಸಿದರು.

ಅದೇ ಟಸ್ಕೆಗೀಯಲ್ಲಿ ಇನ್ನೊಬ್ಬನಿದ್ದ. ಮನ್ರೋ ವರ್ಕ್ ಅಂತ. ಗುಲಾಮಗಿರಿಯಲ್ಲಿ ಬಾಳಿದ ತಂದೆತಾಯಿಯ ಮಗ. 1908ರಲ್ಲಿ ಅಲ್ಲಿಗೆ ಬಂದು ದಾಖಲೆ ಇಡುವ ಒಂದು ಖಾತೆಯನ್ನೇ ತೆಗೆದ. ಕಪ್ಪು ಜನ ಎಷ್ಟು ಶಾಲೆ ತೆಗೆದರು, ಎಷ್ಟು ಹೊಲ ಕೊಂಡರು, ಏನು ಕಂಡುಹಿಡಿದರು, ಎಲ್ಲ ಕೂಡಿಸಿ 1912ರಿಂದ ವಾರ್ಷಿಕ ಪುಸ್ತಕ ಅಚ್ಚು ಹಾಕಿಸಿದ. ಅದರ ಜೊತೆ ಇನ್ನೊಂದು ಲೆಕ್ಕವನ್ನೂ ಇಟ್ಟ. ಗುಂಪು ಕಟ್ಟಿ ಬಂದು ಮನುಷ್ಯನನ್ನು ಎಳೆದೊಯ್ದು ಗಿಡಕ್ಕೆ ನೇತುಹಾಕಿ ಕೊಲ್ಲುವುದು ಆ ಸೀಮೆಯಲ್ಲಿ ನಡೆಯುತ್ತಿತ್ತು. ಎಲ್ಲಿ, ಯಾವಾಗ, ಯಾರನ್ನು, ಏನು ನೆವ ಹೇಳಿ ಕೊಂದರು ಅಂತ ಪತ್ರಿಕೆಗಳಿಂದ ಕತ್ತರಿಸಿ ಕೂಡಿಸಿ ವರ್ಷವರ್ಷ ಪ್ರಕಟಿಸಿದ. ಅವನ ಹಿಂದೆ ಬಂದವರೂ ಅದನ್ನು ಬಿಡಲಿಲ್ಲ. ಟಸ್ಕೆಗೀಯ ಆ ಲೆಕ್ಕದ ಪ್ರಕಾರ 1882ರಿಂದ 1968ರ ವರೆಗೆ ಹಾಗೆ ಸತ್ತವರು 4,743 ಜನ. ಅದರಲ್ಲಿ 3,446 ಜನ ಕಪ್ಪು ಜನ.

ಈಗ ವಿಚಾರ ಮಾಡಿರಿ. ಇಟ್ಟಂಗಿ ಸುಡುವುದು, ಶೇಂಗಾ ಬಿತ್ತುವುದು ಕಲಿಸುವ ಶಾಲೆಗೆ ಸತ್ತವರ ಲೆಕ್ಕ ಯಾಕೆ ಬೇಕಿತ್ತು? ನನಗೆ ತಿಳಿದ ಉತ್ತರ ಇದು. ಕೈಕಸುಬು ಕಲಿತ ಹುಡುಗ ಊರಿಗೆ ಹೋಗಿ ಬಾಳಬೇಕು. ಬಾಳಲು ಬಿಡದಿದ್ದರೆ ಕಲಿತ ಕಸುಬು ಏನು ಮಾಡೀತು? ಒಳ್ಳೆಯ ಒಕ್ಕಲಿಗ ಬೆಳೆಯ ಲೆಕ್ಕದ ಜೊತೆ ರೋಗದ ಲೆಕ್ಕವನ್ನೂ ಇಡುತ್ತಾನೆ. ದ್ರಾಕ್ಷಿ ತೋಟದವರನ್ನು ಕೇಳಿರಿ, ಯಾವ ವರ್ಷ ಯಾವ ತಿಂಗಳು ಬೂದಿರೋಗ ಬಿತ್ತು ಅಂತ ವಹಿಯಲ್ಲಿ ಬರೆದಿರುತ್ತಾರೆ.

ಅಮೆರಿಕಾದ ಮಾತು ಆಯಿತು, ನಮಗೇನು ಅನ್ನಬೇಡಿರಿ. ಕಪ್ಪು ಜನರ ಚರಿತ್ರೆ ನಮ್ಮ ನೆಲದಲ್ಲೂ ಐತಿ. ಈ ದಖ್ಖನ ಸೀಮೆಯಲ್ಲಿ ಹಬಸಿ ಅಂತಲೂ ಸಿದ್ದಿ ಅಂತಲೂ ಕರೆದದ್ದು ಅವರನ್ನೇ. ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಇಲ್ಲಿಗೆ ಬಂದವನು. ಮುಂದೆ ಅಹಮದನಗರದ ನಿಜಾಮಶಾಹಿಯನ್ನೇ ಎತ್ತಿ ಹಿಡಿದ. 1610ರಲ್ಲಿ ಖಡಕಿ ಊರು ಕಟ್ಟಿದ, ಅದೇ ಮುಂದೆ ಔರಂಗಾಬಾದ ಆಯಿತು. ಆ ಊರಿಗೆ ನೆಲದೊಳಗಿನಿಂದ ಕಾಲುವೆ ತೋಡಿಸಿ ನೀರು ತಂದ. ಅದನ್ನು ನಹರ ಅನ್ನುತ್ತಾರೆ. ಹೊಲ ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಹಚ್ಚಿದ. 1626ರಲ್ಲಿ ತೀರಿಕೊಂಡ. ನಾಳೆ ನನ್ನ ಮೊಮ್ಮಗ ನೀರಾವರಿ ಎಂಜಿನಿಯರ ಆದರೆ ಅವನ ಹಿರಿಯರ ಸಾಲಿನಲ್ಲಿ ಈ ಹಬಸಿಯೂ ನಿಲ್ಲುತ್ತಾನೆ. ಬಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ ಖಾನ ಅನ್ನುವ ಹಬಸಿ ದೊಡ್ಡ ಅಧಿಕಾರಿಯಾಗಿದ್ದ.

ಅದೇ ಕುಲದ ಇನ್ನೊಂದು ಕವಲು ಉತ್ತರ ಕನ್ನಡದ ಕಾಡಿನಲ್ಲಿದೆ. ಪೋರ್ಚುಗೀಜರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ನೆಲೆಯಾದರು. ಬೆಳಗಾವಿಯ ಖಾನಾಪುರ ಕಡೆಯೂ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರಿಸ್ತಾನರಿದ್ದಾರೆ. ಡಮಾಮಿ ಅಂತ ಅವರ ಕುಣಿತ. ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿ ಪರದೇಶದವರೂ ಕೊಂಡುಕೊಳ್ಳುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕದ್ದು 2003ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ, ಸಿದ್ದಿ ಜನರಲ್ಲಿ ಅವರೇ ಮೊದಲಿಗರು. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಐತಿ, ಧಾರವಾಡದಲ್ಲಿ ಐ.ಐ.ಟಿ. ಐತಿ. ಸಿದ್ದಿಗಳ ಊರುಗಳು ಆ ಎರಡಕ್ಕೂ ದೂರವಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ನಮ್ಮ ಗೀಗೀ ಮೇಳದಲ್ಲಿ ನಾನು ಪನ್ಹಾಳಗಡದ ಮುತ್ತಿಗೆಯ ಪದ ಹಾಡುತ್ತಿದ್ದೆ. 1660ರ ಕತೆ. ಶಿವಾಜಿ ಮಹಾರಾಜರು ಗಡದ ಮೇಲೆ, ಕೆಳಗೆ ಬಿಜಾಪುರದ ಸರದಾರ ಸಿದ್ದಿ ಜೌಹರ. ಮಳೆಗಾಲದ ರಾತ್ರಿ ಮಹಾರಾಜರು ತಪ್ಪಿಸಿಕೊಂಡು ವಿಶಾಳಗಡಕ್ಕೆ ಹೋದದ್ದು, ದಾರಿಯಲ್ಲಿ ಬಾಜಿಪ್ರಭು ಪ್ರಾಣ ಕೊಟ್ಟದ್ದು. ಈ ಪದಕ್ಕೆ ಜನ ಎದ್ದು ನಿಂತು ಸೀಟಿ ಹೊಡೆಯುತ್ತಿದ್ದರು. ಅದರಲ್ಲಿ ಸಿದ್ದಿಯ ಮಾತು ಬಂದಾಗ ನಾನು ಅವನ ಬಣ್ಣ, ತುಟಿ, ಕೂದಲು ಹಿಡಿದು ನಾಲ್ಕು ನುಡಿ ಸೇರಿಸಿದ್ದೆ. ಆ ನುಡಿ ಗುರು ಕಲಿಸಿದ್ದಲ್ಲ, ನಾನೇ ಕಟ್ಟಿದ್ದು. ಜನ ನಗಲಿ ಅಂತ ಕಟ್ಟಿದ್ದು.

ಸುಮಾರು ಇಪ್ಪತ್ತು ವರ್ಷದ ಹಿಂದೆ ಧಾರವಾಡದ ಕಡೆ ಒಂದು ಜಾನಪದ ಮೇಳದಲ್ಲಿ ಅದನ್ನೇ ಹಾಡಿದೆ. ಮುಂದಿನ ಸಾಲಿನಲ್ಲಿ ಡಮಾಮಿ ಬಾರಿಸಲು ಬಂದ ಸಿದ್ದಿಗಳು ಕೂತಿದ್ದರು. ನನಗೆ ಅವರು ಕಂಡದ್ದು ಆ ನುಡಿ ಬಾಯಿಂದ ಹೋದ ಮೇಲೆ. ಊಟದ ಹೊತ್ತಿಗೆ ಅವರಲ್ಲಿ ಹಿರಿಯರೊಬ್ಬರು ನನ್ನ ಪಕ್ಕವೇ ಎಲೆ ಹಾಕಿಸಿಕೊಂಡರು. ಸಿಟ್ಟು ಮಾಡಲಿಲ್ಲ. "ನಿಮ್ಮ ದನಿ ಚಲೋ ಐತ್ರಿ. ಪದದಾಗ ಎಲ್ಲಾರಿಗೂ ಹೆಸರು ಐತಿ, ಕುದುರಿಗೂ ಐತಿ. ಆ ಸಿದ್ದಿಗೆ ಹೆಸರಿರಲಿಲ್ಲೇನ್ರಿ?" ಅಂತ ಕೇಳಿದರು.

ಖರೇ ಹೇಳುತ್ತೇನೆ, ನನಗೆ ಹೆಸರು ಗೊತ್ತಿತ್ತು. ಜೌಹರ ಅಂತ ಗುರು ಹೇಳಿದ್ದರು. ಬರೇ ಸಿದ್ದಿ ಅಂದರೆ ತಾಳಕ್ಕೆ ಸರಿ ಕೂಡುತ್ತದೆ, ನಗಿಸಲು ಸಸಾರ ಆಗುತ್ತದೆ ಅಂತ ಬಿಟ್ಟಿದ್ದೆ. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಬಂದ ಮೇಲೆ ಮಾಸ್ತರರ ಹತ್ತಿರ ಕೂತು ಕೇಳಿದೆ. ಆವಾಗ ಗೊತ್ತಾದದ್ದೇನೆಂದರೆ, ಆ ಕಾಳಗದಲ್ಲಿ ಮಹಾರಾಜರ ಕಡೆಯೂ ಸಿದ್ದಿ ಇದ್ದ. ಸಿದ್ದಿ ಹಿಲಾಲ. ಗಡ ಬಿಡಿಸಲು ಹೋಗಿ ಅವನ ಮಗ ವಾಹವಾಹ ಗಾಯಗೊಂಡು ವೈರಿಯ ಕೈಗೆ ಸಿಕ್ಕ. ಒಬ್ಬ ತಂದೆ ಸ್ವರಾಜ್ಯಕ್ಕಾಗಿ ಮಗನನ್ನು ಕಳಕೊಂಡ ಕತೆ ನನ್ನ ಪದದಲ್ಲಿ ಇರಲೇ ಇಲ್ಲ. ನಾನು ಹಾಡುತ್ತಿದ್ದದ್ದು ಅರ್ಧ ಚರಿತ್ರೆ, ಮೇಲೆ ನಾಲ್ಕು ಸುಳ್ಳು ನುಡಿ. ಈಗ ಆ ನುಡಿ ತೆಗೆದಿದ್ದೇನೆ. ಜೌಹರನ ಹೆಸರೂ ಬರುತ್ತದೆ, ಹಿಲಾಲನ ಹೆಸರೂ ಬರುತ್ತದೆ. ಸೀಟಿ ಕಡಿಮೆ ಆಗ್ಯಾವ.

ಇಷ್ಟಾದ ಮೇಲೆ ನನ್ನ ಮನೆಯ ಲೆಕ್ಕ ನೋಡಿಕೊಂಡೆ. ನನಗೆ ಪದ ಕಲಿಸಿದ ಗುರು ಊರ ಹೊರಗಿನ ಕೇರಿಯವರು. ನಮ್ಮ ಕವಲಾಪುರದ ಹೆಸರನ್ನು ಕಾಳು-ಬಾಳು ಜೋಡಿಯ ತಮಾಶಾ ಮಹಾರಾಷ್ಟ್ರ ತುಂಬ ಒಯ್ದದ್ದು ಎಲ್ಲರಿಗೂ ಗೊತ್ತು. ಅವರಿಗೆ ಮರಾಠಿಯ ದೊಡ್ಡ ರಂಗ ಸಿಕ್ಕಿತು. ನನ್ನ ಗುರು ಕನ್ನಡ ಪದದವರು. ಸಣ್ಣ ಸಣ್ಣ ಊರಿನ ಜಾತ್ರೆಯಲ್ಲಿ ಡಪ್ಪು ಹಿಡಿದೇ ಮುಪ್ಪಾದರು. ನನಗೆ ಕಲಿಸಲು ಅವರು ನಮ್ಮ ಮನೆಗೆ ಬರುತ್ತಿದ್ದರು. ನಾನು ಪಡಸಾಲೆಯಲ್ಲಿ ಕೂಡುತ್ತಿದ್ದೆ, ಅವರು ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಹೇಳಿಕೊಡುತ್ತಿದ್ದರು. ಚಹಾ ಬೇರೆ ಬಟ್ಟಲಲ್ಲಿ. ನಾನು ಆಗ ಹದಿನೆಂಟರವನು, ತಿಳಿಯದ ಕೂಸಲ್ಲ. ಗುರುವಿನ ಕಾಲಿಗೆ ಬೀಳಬೇಕು ಅಂತ ಹಾಡಿನಲ್ಲಿ ಹಾಡುತ್ತಿದ್ದೆ, ಎದುರು ನಿಂತ ಗುರುವಿನ ಕಾಲು ಮುಟ್ಟಲಿಲ್ಲ. ನನ್ನ ಪದದ ವಹಿಯಲ್ಲಿ ನೂರಾರು ಪದ ಬರೆದಿಟ್ಟೆ. ಮೊದಲ ಪುಟದಲ್ಲಿ ನನ್ನ ಹೆಸರು ಬರೆದೆ, ಅವರದು ಬರೆಯಲಿಲ್ಲ. ಊರವರೆಲ್ಲ ಇವತ್ತಿಗೂ ಅವು ನನ್ನ ಪದ ಅಂತ ತಿಳಿದಿದ್ದಾರೆ.

ಈ ಲೇಖನದಲ್ಲಿ ಅವರ ಹೆಸರು, ನಡೆದದ್ದು ಎಲ್ಲ ಬರೆಯಬೇಕು ಅಂತ ಮಾಡಿ, ಅವರ ಮಗನ ಹತ್ತಿರ ಹೋಗಿ ಕೇಳಿದೆ. ಮಗ ಇಚಲಕರಂಜಿಯಲ್ಲಿ ಮಗ್ಗದ ಕೆಲಸದಲ್ಲಿದ್ದಾನೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: "ಕಾಕಾ, ಅಪ್ಪನ ಡಪ್ಪಿನ ಮಾತು ಬರೀರಿ. ಅಂಗಳದಾಗ ನಿಂತದ್ದು ಬರೀಬ್ಯಾಡ್ರಿ. ನನ್ನ ಮಕ್ಕಳು ಸಾಲಿ ಕಲಿಯಾಕ ಹತ್ಯಾವ. ಅವರ ಅಜ್ಜ ಅಂದ ಕೂಡ್ಲೆ ಡಪ್ಪು ನೆನಪಾಗಬೇಕು, ಅಂಗಳ ಅಲ್ಲ."

ಇಲ್ಲಿ ನಾನು ಸಿಕ್ಕಿಬಿದ್ದೆ. ಬರೆದರೆ ಅವರ ಮಕ್ಕಳಿಗೆ ನೋವು. ಬಿಟ್ಟರೆ ನನ್ನ ತಪ್ಪು ಮುಚ್ಚಿಹೋಗುತ್ತದೆ, ಅದರಿಂದ ಲಾಭ ನನಗೇ. ಚರಿತ್ರೆ ಕಾಯ್ದಿಡಬೇಕು ಅಂತ ಹೇಳುವುದು ಸಸಾರ. ಯಾರ ಚರಿತ್ರೆ, ಯಾರನ್ನು ಕೇಳಿ, ಯಾರ ಹೆಸರಿನಲ್ಲಿ ಅನ್ನುವುದೇ ಬಿರಿ. ಕೇಳದೆ ಒಬ್ಬರ ನೋವನ್ನು ಎತ್ತಿಕೊಂಡು ಹೋಗಿ ಗಾಜಿನ ಕಪಾಟಿನಲ್ಲಿ ಇಟ್ಟರೆ ಅದೂ ಒಂದು ನಮೂನೆ ಕಸಿದುಕೊಂಡ ಹಾಗೆ.

ಬಹಳ ದಿನ ವಿಚಾರ ಮಾಡಿದೆ. ಆ ರೋಜರ್ಸನ ಮನೆಯ ಗಣತಿ ನೆನಪಾಯಿತು. ಅಲ್ಲಿ ಹೊರಬಿದ್ದದ್ದು ಯಾರ ಮಾನ? ಆ ಆರು ಜನರದಲ್ಲ, ಒಡೆಯನದು. ಮನ್ರೋ ವರ್ಕನ ಲೆಕ್ಕ ನಾಚಿಸಿದ್ದು ಸತ್ತವರನ್ನಲ್ಲ, ಕೊಂದ ಊರುಗಳನ್ನು. ಅವಮಾನದ ಲೆಕ್ಕ ಅವಮಾನ ಮಾಡಿದವನ ಖಾತೆಯಲ್ಲಿ ಬರೆಯಬೇಕು, ವಿದ್ಯೆಯ ಲೆಕ್ಕ ವಿದ್ಯೆ ಕೊಟ್ಟವನ ಖಾತೆಯಲ್ಲಿ. ನಾವು ಇಷ್ಟು ದಿನ ಎರಡನ್ನೂ ಉಲ್ಟಾ ಬರೆದಿದ್ದೇವೆ.

ಇದನ್ನೇ ಮತ್ತೆ ಹೋಗಿ ಅವರ ಮಗನಿಗೆ ಹೇಳಿದೆ. ಅಂಗಳದ ಮಾತು ನನ್ನ ಹೆಸರಿನಲ್ಲಿ ಬರೆಯುತ್ತೇನೆ, ನಿಮ್ಮ ಅಪ್ಪನ ಹೆಸರು ಅದರ ಜೊತೆ ಬರುವುದಿಲ್ಲ ಅಂದೆ. ಅವನು "ನಿಮ್ಮ ತಪ್ಪು ನೀವು ಬರಕೊಳ್ರಿ ಕಾಕಾ, ಅದಕ್ಕ ನಾ ಯಾಕ ಬ್ಯಾಡ ಅನ್ಲಿ" ಅಂದ. ಅದಕ್ಕೇ ಇಲ್ಲಿ ಬರೆದೆ. ಗುರುವಿನ ಹೆಸರು ಪದದ ವಹಿಯ ಮೊದಲ ಪುಟದಲ್ಲಿ ಬರೆದಿದ್ದೇನೆ, ನನ್ನ ಹೆಸರು ಹೊಡೆದು ಹಾಕಿ ಅದರ ಮೇಲೆ. ಯಾವ ಪದ ಅವರದು, ಯಾವುದು ನಾನು ಕಟ್ಟಿದ್ದು ಅಂತ ಒಂದೊಂದಕ್ಕೂ ಗುರುತು ಹಾಕಿದ್ದೇನೆ. ವಹಿ ವಾಚನಾಲಯದ ಕಪಾಟಿನಲ್ಲಿ ಐತಿ. ಯಾರು ಬೇಕಾದರೂ ತೆಗೆದು ನೋಡಬಹುದು.

ಈಗ ಮೊಮ್ಮಗನಿಗೆ ಉತ್ತರ. ಯಂತ್ರ ಕಲಿಸುವ ಮನೆ ಕಪ್ಪು ಜನರ ಚರಿತ್ರೆ ಯಾಕೆ ಇಡಬೇಕು ಅಂದರೆ, ಮೊದಲನೆಯದು, ವಿದ್ಯೆ ಎಲ್ಲಿಂದ ಬಂತು ಅಂತ ಗೊತ್ತಿರಬೇಕು. ಇಟ್ಟಂಗಿ ಸುಟ್ಟವರು, ನಹರ ತೋಡಿಸಿದವರು, ಡಪ್ಪಿಗೆ ಚರ್ಮ ಬಿಗಿದವರು, ಇವರದೂ ತಂತ್ರವಿದ್ಯೆಯೇ. ಚರ್ಮ ಎಷ್ಟು ಕಾಯಿಸಿದರೆ ಯಾವ ನಾದ ಬರುತ್ತದೆ ಅಂತ ನನ್ನ ಗುರು ಕೈಯಿಂದಲೇ ಹೇಳುತ್ತಿದ್ದರು. ಅದಕ್ಕೆ ಪದವಿ ಇರಲಿಲ್ಲ, ಅಷ್ಟೇ. ಎರಡನೆಯದು, ಅಲ್ಲಿ ಕಲಿತವನ ಕೈಗೆ ದೊಡ್ಡ ಶಕ್ತಿ ಬರುತ್ತದೆ. ಆಣೆಕಟ್ಟು ಕಟ್ಟುತ್ತಾನೆ, ರಸ್ತೆ ಹಾಕುತ್ತಾನೆ, ಯಾರ ಹೊಲ ಮುಳುಗಬೇಕು ಅಂತ ಗೆರೆ ಎಳೆಯುತ್ತಾನೆ. 2005ರಲ್ಲಿ, 2019ರಲ್ಲಿ ಕೃಷ್ಣಾ ನದಿ ಸಾಂಗಲಿಯ ಒಳಗೆ ಬಂದಾಗ ಗೆರೆಯ ಈಚೆ ಆಚೆ ಅಂದರೆ ಏನು ಅಂತ ನಾವು ನೋಡಿದ್ದೇವೆ. ಗೆರೆ ಎಳೆಯುವವನಿಗೆ ಹಿಂದೆ ಯಾರನ್ನು ಗೆರೆಯ ಹೊರಗೆ ಇಟ್ಟಿದ್ದರು ಅಂತ ಗೊತ್ತಿರಬೇಕು.

ಮೂರನೆಯದು ಕಲಿಯಲು ಬಂದ ಹುಡುಗನ ಸಲುವಾಗಿ. ಕಾಡಿನಿಂದ ಒಬ್ಬ ಸಿದ್ದಿ ಹುಡುಗಿ ಎಂಜಿನಿಯರಿಂಗ್ ಕಾಲೇಜಿಗೆ ಬಂದಳು ಅನ್ನಿರಿ. ಗೋಡೆಯ ಮೇಲಿನ ಫೋಟೋಗಳಲ್ಲಿ ತನ್ನಂಥ ಮುಖ ಒಂದೂ ಇಲ್ಲದಿದ್ದರೆ, ಯಾರದೋ ಮನೆಗೆ ಬಂದೆ ಅಂತ ಅವಳಿಗೆ ಅನ್ನಿಸುತ್ತದೆ. ನೀರಾವರಿ ಪಾಠದಲ್ಲಿ ಮಲಿಕ್ ಅಂಬರನ ನಹರದ ಮಾತು ಬಂದರೆ, ಬೆನ್ನು ನೆಟ್ಟಗಾಗುತ್ತದೆ. ಇದು ದಯೆಯ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು.

ಸಿದ್ದಿ ಹಿರಿಯರನ್ನು ಕರೆಸಿದರೆ ಬರೇ ಕುಣಿಸಿ ಶಾಲು ಹೊದಿಸಿ ಕಳಿಸಬಾರದು. ಕೂಡಿಸಿ ಮಾತಾಡಿಸಬೇಕು. ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ಬರೆಯಬೇಕು. ಬೇಡ ಅಂದದ್ದನ್ನು ಬಿಡಬೇಕು. ಬರೆದದ್ದರ ಒಂದು ಪ್ರತಿ ಅವರ ಊರಿಗೂ ಹೋಗಬೇಕು.

ಮೊಮ್ಮಗ ಇದನ್ನು ಓದಿದ. "ಅಜ್ಜಾ, ನಮ್ಮ ಕಾಲೇಜಿನ ಹಳೇ ಕಟ್ಟಡಕ್ಕ ಕಲ್ಲು ಒಡದವ್ರು ಯಾರಂತ ನಾ ಕೇಳ್ಕೊಂಡ ಬರ್ತೀನಿ" ಅಂದ. ಕೇಳಿಕೊಂಡು ಬರಲಿ. ಹೆಸರು ಸಿಕ್ಕರೆ ಬರೆದಿಡಲು ವಾಚನಾಲಯದಲ್ಲಿ ಇನ್ನೊಂದು ವಹಿ ತಂದಿಟ್ಟಿದ್ದೇನೆ. ನೂರು ಪುಟದ್ದು.